ಬಟ್ಟಲಿನ ಮೇಲೆ ಇಟ್ಟ ಚೀಟಿ

ಹಾಲು ಇನ್ನೂ ಸ್ವಲ್ಪ ಹೆಚ್ಚೇ ಬಿಸಿಯಿತ್ತು. ದಮಯಂತಿ ಕಿರುಬೆರಳು ಅದ್ದಿ ಐದರವರೆಗೆ ಎಣಿಸಲು ನೋಡಿದಳು. ಮೂರಕ್ಕೇ ಬೆರಳು ಹಿಂದೆ ಬಂತು. ಐದರವರೆಗೆ ಬೆರಳು ನಿಂತರೆ ಹೆಪ್ಪು ಹಾಕಬಹುದು. ಮೂವತ್ತು ವರ್ಷಗಳಿಂದ ಅದೇ ಎಣಿಕೆ, ಅದೇ ಹೆಪ್ಪು. ಠಾಣೆಯ ಚಾಳು ಬಿಟ್ಟು ಘಣಸೋಲಿಯ ಈ ಸಿಡ್ಕೋ ಫ್ಲ್ಯಾಟಿಗೆ ಬರುವ ದಿನ ದೇವರ ಪಟವನ್ನು ಸೊಸೆ ವಿನೋದಾಳ ಕೈಗೆ ಕೊಟ್ಟು, ಹೆಪ್ಪಿನ ಬಟ್ಟಲನ್ನು ತಾನು ಮಡಿಲಲ್ಲಿಟ್ಟುಕೊಂಡು ಟೆಂಪೋದಲ್ಲಿ ಕೂತಿದ್ದಳು. ಈಗ ಈ ವಿಂಗಿನ ಹದಿನಾರು ಮನೆಗಳಲ್ಲಿ ಒಂಬತ್ತು ಮನೆಗಳ ಮೊಸರು ಅದೇ ಬಟ್ಟಲಿನಿಂದ ಹೋದದ್ದು. ಬೆಳಗಾದರೆ ಯಾರೋ ಒಬ್ಬರು ಬಾಗಿಲಲ್ಲಿ ನಿಂತು "ಆಜೀ, ಥೋಡಂ ವಿರಜಣ ದ್ಯಾ ನಾ" ಎನ್ನುತ್ತಾರೆ. ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವಳಿಗೆ ಗೊತ್ತೇ ಇಲ್ಲ. ಕೊಟ್ಟರೆ ನಮ್ಮದು ಕಡಿಮೆಯಾಗುವ ಪದಾರ್ಥವೂ ಅಲ್ಲವಲ್ಲ ಅದು. ಬೆರಳನ್ನು ಮತ್ತೆ ಅದ್ದಿದಳು. ಒಂದು, ಎರಡು, ಮೂರು, ನಾಲ್ಕು. ಹೊರಕೋಣೆಯಿಂದ, ಇಂಟರ್ನೆಟ್ಟು ನೋಡಲು ಬಂದ ದಯಾನಂದನ ಧ್ವನಿ ಕೇಳಿಸಿತು: "ಹನ್ನೊಂದು."

"ಹನ್ನೊಂದಾ? ಸರಿ ನೋಡಿ ಮಾರಾಯ್ರೆ," ವಿನೋದಾ ಹೇಳಿದಳು. "ನಮ್ಮಲ್ಲಿ ಇರುವುದೇ ನಾಲ್ಕು ಕಂಪ್ಯೂಟರು."

"ನಾಲ್ಕು ನಿಮ್ಮದು ಮೇಡಂ. ನಿಮ್ಮ ಲೈನಿಗೆ ಸೇರಿಕೊಂಡ ಉಳಿದ ಏಳು ನಿಮ್ಮ ಸಂಬಂಧಿಕರಲ್ಲ. ಇಗೊಳ್ಳಿ, ಇಲ್ಲಿ ಪಟ್ಟಿ ಉಂಟಲ್ಲ, ಇದರಲ್ಲಿ ಒಂದಕ್ಕೆ ಹೆಸರು ಕೂಡ ಇಟ್ಟಿದ್ದಾರೆ, ರಾಜ್ ಜೆರಾಕ್ಸ್ ಅಂತ. ಕೆಳಗಿನ ಅಂಗಡಿಯಾ?"

ದಮಯಂತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹೆಪ್ಪಿನ ಚಮಚ ಹಾಗೇ ಇತ್ತು. ಗೋಡೆಗೆ ಒತ್ತಿದ ಉದ್ದ ಮೇಜಿನ ಮೇಲೆ ಮೂರು ಕಂಪ್ಯೂಟರು, ಕಿಟಕಿಯ ಪಕ್ಕ ಪ್ರಿಂಟರು, ಷೋಕೇಸಿನ ನೆತ್ತಿಯ ಮೇಲೆ ಇಂಟರ್ನೆಟ್ಟು ಹಂಚುವ ಎರಡು ಕೋಡಿನ ಬಿಳಿ ಡಬ್ಬಿ. ಒಳಕೋಣೆಯಲ್ಲಿ ಮಗ ಯಶ್ವಂತನ ಹಳೆಯದು ಒಂದು. ಠಾಣೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಮ್ಯಾನೇಜರಾಗಿರುವ ಅವನು ರಜೆಯ ದಿನ ಅದರಲ್ಲಿ ಕ್ರಿಕೆಟ್ ನೋಡುತ್ತಾನೆ. ಹೊರಕೋಣೆಯ ಮೂರು ವಿನೋದಾಳ ಕೆಲಸದವು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಆಡಿದ ಮಾತು ಆ ತಂತಿಯಿಲ್ಲದ ದಾರಿಯಲ್ಲಿ ಬಂದು ಇವರ ಕಿವಿಗೆ ಸೇರುತ್ತದೆ. ಇವರು ಕೇಳಿಕೊಂಡು ಟೈಪು ಮಾಡಿ ಠಾಣೆಯ ಕಚೇರಿಗೆ ಕಳಿಸಬೇಕು. ಮೈಸೂರಿನ ಯಾಮಿನಿ ಒಂದರ ಮುಂದೆ ಕೂರುತ್ತಾಳೆ, ಘಣಸೋಲಿ ಗಾಂವಿನಿಂದ ನಡೆದು ಬರುವ ತೃಷಾ ಇನ್ನೊಂದರ ಮುಂದೆ. ಯಾರದೋ ಊರಿನ ಯಾರದೋ ಗಡ್ಡೆ, ಯಾರದೋ ನಿಂತ ಬಸಿರು. ಒಂದು ಅಕ್ಷರವೂ ಮನೆಯ ಹೊರಗೆ ಹೋಗಕೂಡದು ಎಂದು ಕಾಗದಕ್ಕೆ ಸಹಿ ಹಾಕಿದ್ದಾಳೆ ವಿನೋದಾ. ಇವತ್ತು ನಾಲ್ಕು ಗಂಟೆಗೆ ಕಚೇರಿಯ ಮನುಷ್ಯ ಬಂದು ಎಲ್ಲ ಭದ್ರವಾಗಿದೆಯೇ ಎಂದು ನೋಡುವವನಿದ್ದ. ಅದಕ್ಕೇ ಬೆಳಗ್ಗೆ ದಯಾನಂದನನ್ನು ಕರೆಸಿದ್ದು. ಅವನು ಕಾರ್ಕಳದ ಕಡೆಯವನು, ಐವತ್ತು ದಾಟಿದವನು. ಹಿಂದೆ ಹೋಟೆಲುಗಳಿಗೆ ಟೆಲಿಫೋನು ಜೋಡಿಸುತ್ತಿದ್ದವನು ಈಗ ಮನೆಮನೆಗೆ ಇಂಟರ್ನೆಟ್ಟು ಜೋಡಿಸುತ್ತಾನೆ.

"ಪಾಸ್‌ವರ್ಡ್ ಎಂತ ಇಟ್ಟಿದ್ದೀರಿ?" ಎಂದು ಕೇಳಿದ. ವಿನೋದಾ ನಾಚಿಕೊಂಡು ಹೇಳಿದಳು. ಅವಳದೇ ಹೆಸರು, ಹಿಂದೆ ಒಂದು ಎರಡು ಮೂರು. "ಛೆ ಛೆ," ಎಂದ ದಯಾನಂದ. "ಡಬ್ಬಿಯ ಒಳಗಿನ ಬೀಗವೂ ಕಂಪನಿಯಿಂದ ಬಂದ ಹಾಗೇ ಉಂಟು. ಇದು ಬಾಗಿಲು ಹಾಕಿ ಬೀಗದ ಕೈ ಮಾತ್ರ ಚಿಲಕದ ಮೇಲಿಟ್ಟ ಹಾಗೆ. ಆದರೂ ಏಳು ಜನ ಕನಸು ಕಂಡು ಬರಲಿಲ್ಲ ಮೇಡಂ. ಯಾರೋ ಹೇಳಿದ್ದಾರೆ."

ಯಾಮಿನಿ ತನ್ನ ಉಗುರು ನೋಡಿಕೊಂಡಳು. ವಿನೋದಾ ತೃಷಾಳನ್ನು ನೋಡಿದಳು. ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿ, ಊಟದ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತು ಯಾರೊಡನೆಯೋ ಮೊಬೈಲಿನಲ್ಲಿ ನಗುತ್ತಿರುತ್ತಾಳೆ. ಕೆಳಗಿನ ಜೆರಾಕ್ಸಿನವನೂ ಬಲ್ಲವನೇ ಇರಬೇಕು. ಆ ನೋಟ ಎಷ್ಟು ಹೊತ್ತು ನಿಂತಿತೆಂದರೆ ದಮಯಂತಿ ಅದನ್ನು ಎಣಿಸಿದಳು, ಹಾಲಿನಲ್ಲಿ ಬೆರಳಿಟ್ಟ ಹಾಗೆ.

"ಮೈನೇ ನಹೀ ದಿಯಾ, ದೀದೀ," ಎಂದಳು ತೃಷಾ.

"ಮತ್ತೆ ಯಾರು ಕೊಟ್ಟದ್ದು? ನಾನಾ? ಯಾಮಿನಿಯಾ? ನಮ್ಮ ಅತ್ತೆಯಾ?" ವಿನೋದಾ ಸಿಟ್ಟಿನಲ್ಲಿ ನಕ್ಕಳು. ಅತ್ತೆ ಎಂಬುದು ಆ ಪಟ್ಟಿಯ ತಮಾಷೆಯ ತುದಿ. ಕೊಟ್ಟಿರಲು ಸಾಧ್ಯವೇ ಇಲ್ಲದವರ ಹೆಸರು. ದಮಯಂತಿಯ ಮುಖದಲ್ಲಿ ಸಣ್ಣ ನಗು ತಾನಾಗಿ ಬಂದು ಕೂತಿತು. ಅದು ಬಂದದ್ದು ಗೊತ್ತಾಗಿ, ಅದನ್ನು ಅಲ್ಲಿಂದ ಹೇಗೆ ತೆಗೆಯುವುದೆಂದು ಗೊತ್ತಾಗದೆ, ಅವಳು ತಿರುಗಿ ಅಡುಗೆಮನೆಗೆ ಹೋದಳು.

ಹಾಲು ಈಗ ಹದಕ್ಕಿಂತ ತಣ್ಣಗಾಗಿತ್ತು. ಹೆಪ್ಪು ಹಾಕಿ, ಕಲಕಿ, ತಟ್ಟೆ ಮುಚ್ಚಿದಳು. ಕಲಕುವಾಗ ಸ್ಟೀಲಿನ ಆ ಸಣ್ಣ ಬಟ್ಟಲು ಕಣ್ಣಿಗೆ ಬಿತ್ತು, ಅಂಚು ಒಂದು ಕಡೆ ಚಪ್ಪಟೆಯಾದದ್ದು, ಕೆಳಗಿನ ಮನೆಯ ಸುಲಭಾ ವಹಿನಿಯದ್ದು. ಜೂನ್ ತಿಂಗಳ ಒಂದು ಮಧ್ಯಾಹ್ನ ಸುಲಭಾ ಅದನ್ನು ಹಿಡಿದುಕೊಂಡು ಬಂದಿದ್ದಳು. ವಿರಜಣ ಹಾಕಿಸಿಕೊಂಡ ಮೇಲೂ ಹೋಗಲಿಲ್ಲ. ಅವಳ ಮಗಳ ಹನ್ನೊಂದನೆಯ ಕ್ಲಾಸಿನ ಅರ್ಜಿ ಈ ಸಲ ಕಂಪ್ಯೂಟರಿನಲ್ಲೇ ತುಂಬಬೇಕಂತೆ, ನಾಳೆ ಕೊನೆಯ ದಿನವಂತೆ, ಸೈಬರ್ ಕೆಫೆಯಲ್ಲಿ ಎರಡು ದಿನ ನಿಂತರೂ ಸರದಿ ಬರಲಿಲ್ಲವಂತೆ. ಅಣ್ಣನ ಲ್ಯಾಪ್‌ಟಾಪು ತಂದಿದ್ದೇನೆ, ನಿಮ್ಮ ಮನೆಯ ಹೆಸರು ಅದರಲ್ಲಿ ಕಾಣುತ್ತದೆ ಆಜೀ, ಆದರೆ ಒಳಗೆ ಬಿಡುವುದಿಲ್ಲ, ಎಂದಿದ್ದಳು. ಒಂದು ಹುಡುಗಿಯ ಓದು. ವಿನೋದಾ ಅಂದು ಠಾಣೆಗೆ ಹೋಗಿದ್ದಳು. ಆ ಅಕ್ಷರಗಳು ದಮಯಂತಿಗೆ ಬಾಯಿಪಾಠವಾಗಿದ್ದವು, ಯಾಕೆಂದರೆ ವಿನೋದಾ ಅವಳ ಎದುರಿಗೇ ಯಶ್ವಂತನಿಗೆ ಕೂಗಿ ಹೇಳಿದ್ದಳು. ಮುದುಕಿಯ ಎದುರು ಮುಚ್ಚಿಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅದೂ ಒಂದು ಕಾರಣವಾಗಿತ್ತೇ? ನನಗೂ ಗೊತ್ತು ಎಂದು ತೋರಿಸಬೇಕಿತ್ತೇ? ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿನಿಂದ ಚೂರು ಹರಿದು, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಒಂದೊಂದನ್ನೂ ದುಂಡಗೆ ಬರೆದು, ಬಟ್ಟಲಿನ ಮುಚ್ಚಳದ ಮೇಲಿಟ್ಟು ಕೊಟ್ಟಿದ್ದಳು. "ಕಿತೀ ಸುಂದರ ಅಕ್ಷರ ಆಜೀ," ಎಂದಿದ್ದಳು ಸುಲಭಾ. ಆ ಮಾತು ಮೂರು ದಿನ ಕಿವಿಯಲ್ಲಿ ಸಿಹಿಯಾಗಿ ಉಳಿದಿತ್ತು. ಹುಡುಗಿಗೆ ವಾಶಿಯ ಕಾಲೇಜು ಸಿಕ್ಕಿ ಬಟ್ಟಲು ಪೇಢೆ ತುಂಬಿಕೊಂಡು ವಾಪಸು ಬಂದಿತ್ತು. ಪೇಢೆಯನ್ನು ತೃಷಾಳೂ ತಿಂದಿದ್ದಳು. ಚೀಟಿ ಸುಲಭಾಳ ಮನೆಯಿಂದ ಮೊಸರು ಹೋದ ದಾರಿಯಲ್ಲೇ ಹೋಗಿರಬೇಕು: ಒಬ್ಬರಿಂದ ಒಂದು ಚಮಚ ಇನ್ನೊಬ್ಬರಿಗೆ, ಕೊನೆಗೆ ಕೆಳಗಿನ ಜೆರಾಕ್ಸಿನವನಿಗೆ. ಈ ಪದಾರ್ಥ ಕೊಟ್ಟರೆ ಕಡಿಮೆಯಾಗುತ್ತದೆಂದು ತನಗೆ ಯಾರೂ ಹೇಳಿರಲಿಲ್ಲ. ಹಾಗೆಂದು ಈಗ ಹೇಳಿದರಾಯಿತು. ಇಷ್ಟೇ ಅಲ್ಲವೇ. ಬಾಗಿಲಿಗೆ ಹೋಗಿ ಹೇಳಿದರಾಯಿತು.

ಹೊರಗೆ ವಿನೋದಾ ಹೇಳುತ್ತಿದ್ದಳು: "ನನಗೆ ನಿನ್ನ ಮೇಲೆ ಎಂತ ದ್ವೇಷ ಇಲ್ಲ ತೃಷಾ. ಆದರೆ ನಾಲ್ಕು ಗಂಟೆಗೆ ಅವರು ಬಂದು ಕೇಳಿದರೆ ನಾನೊಂದು ಹೆಸರು ಹೇಳಬೇಕು. ಇಲ್ಲದಿದ್ದರೆ ಕೆಲಸವೇ ಹೋಗ್ತದೆ, ಮೂವರದ್ದೂ. ನೀನು ಮನೆಗೆ ಹೋಗು ಇವತ್ತು. ನಾಳೆಯಿಂದ ಬರುವುದು ಬೇಡ."

ಒಂದು ಹೆಸರು ಬೇಕು. ವಿಷ್ಣುಮೂರ್ತಿಗಳೂ ಅದನ್ನೇ ಹೇಳಿದ್ದರು. ಠಾಣೆಯ ಮುನಿಸಿಪಾಲಿಟಿ ಶಾಲೆಯ ಕಟ್ಟಡದಲ್ಲಿ ಸಂಜೆಯ ಮೇಲೆ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆ, ಅದರ ಕಮಿಟಿಯ ಅಧ್ಯಕ್ಷರಾದ ವಿಷ್ಣುಮೂರ್ತಿಗಳು, ಮಕ್ಕಳಿಗಾಗಿ ಮಾಡಿದ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತ ಹೋಟೆಲಿನವರು, ಮಿಲ್ಲಿನವರು, ಗುಡಿಸುವವರು. ಮೂವತ್ತಮೂರು ವರ್ಷದ ಹಿಂದಿನ ಮಾತು, ದಮಯಂತಿಗೆ ಆಗ ವಯಸ್ಸೂ ಮೂವತ್ತಮೂರು. ಹಗಲು ಕ್ಯಾಂಟೀನಿನಲ್ಲಿ ಉದ್ದು ಅರೆದು, ಗಂಡ ವಾಸುವಿಗೂ ಮಗುವಿಗೂ ಅನ್ನ ಬೇಯಿಸಿಟ್ಟು, ಎಲ್ಲರಿಗಿಂತ ಮೊದಲು ಶಾಲೆಗೆ ಬರುತ್ತಿದ್ದಳು. ಬೆಂಚು ಒರೆಸಿ, ಬೋರ್ಡು ಒರೆಸಿ, ಜಾನಕಿ ಟೀಚರ್ ಬರುವ ಹೊತ್ತಿಗೆ ಸೀಮೆಸುಣ್ಣ ತೆಗೆದಿಟ್ಟಿರಬೇಕು. ಅದಕ್ಕಾಗಿ ಕಪಾಟಿನ ಬೀಗದ ಕೈಯನ್ನು ಟೀಚರ್ ಅವಳ ಕೈಗೇ ಕೊಟ್ಟಿದ್ದರು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಅದು. ಅದರ ಬೆನ್ನಿನ ಮೇಲೆ ತಮ್ಮ ಬೆರಳಿನಿಂದ 'ದ' ಎಂದು ತೀಡಿ, ಇದು ನಿನ್ನ ಅಕ್ಷರ, ಇನ್ನು ಯಾರೂ ಇದನ್ನು ನಿನ್ನಿಂದ ತೆಗೆದುಕೊಳ್ಳಲಾರರು ಎಂದವರು ಅವರು. ಆ ಬೀಗದ ಕೈ ತಾಳಿಯ ಪಕ್ಕದಲ್ಲಿ ತಣ್ಣಗೆ ತೂಗುತ್ತಿತ್ತು. ಪರೀಕ್ಷೆಯ ಹಿಂದಿನ ಸಂಜೆ ಮರೆಮ್ಮ ಬೇಗನೆ ಬಂದಿದ್ದಳು. ರಾಯಚೂರಿನ ಕಡೆಯಿಂದ ಬಂದು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. "ಅಕ್ಕಾ, ಎರಡ ಸಲ ನಪಾಸ ಆಗೇನಿ. ಏಳನೇದು ಪಾಸ ಆದ್ರ ಆಯಾ ಕೆಲಸ ಕೊಡ್ತಾರಂತ. ಬರೇ ಒಂದ ಸಲ ಓದಿ ಹೇಳಬೇ, ನಿನ್ನ ಕಾಲ ಬೀಳ್ತೀನಿ," ಎಂದಿದ್ದಳು. ಕಪಾಟಿನ ಮೇಲಿನ ಹಲಗೆಯಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು, ಶಾಯಿಯ ವಾಸನೆ. ದಮಯಂತಿ ಓದಿ ಹೇಳಿದಳು. ಓದಿ ಹೇಳಲು ಬರುತ್ತದೆ ಎಂಬುದೇ ಒಂದು ಹಿಗ್ಗು ಆಗ. ಮರೆಮ್ಮ ಮೂವರಿಗೆ ಹೇಳಿದಳು, ನಾಲ್ವರೂ ಒಂದೇ ಉತ್ತರ ಬರೆದರು. ಕಮಿಟಿ ಕೂತಿತು. ಒಂದು ಹೆಸರು ಬೇಕು ಎಂದರು ವಿಷ್ಣುಮೂರ್ತಿಗಳು. ಹಿಂದಿನ ಬೆಂಚಿನಲ್ಲಿ ದಮಯಂತಿಯ ಬಾಯಿ ತೆರೆದದ್ದೂ ನಿಜ. ಆಗ ಜಾನಕಿ ಟೀಚರ್ ಎದ್ದು, "ಬೀಗದ ಕೈ ನನ್ನ ಹತ್ತಿರವೇ ಇತ್ತು. ತಪ್ಪು ನನ್ನದು," ಎಂದರು. ಅವಳ ಕಡೆ ನೋಡಲೂ ಇಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು, ಸುಖವಾಗಿ. ಹೌದು, ಸುಖವಾಗಿ, ಅದನ್ನು ಇವತ್ತಿಗೂ ಬೇರೆ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಮರುಪರೀಕ್ಷೆಗೆ ಮರೆಮ್ಮ ಬರಲೇ ಇಲ್ಲ. ಜೂನಿನಲ್ಲಿ ಟೀಚರ್ ಶಾಲೆ ಬಿಟ್ಟು ಮೈಸೂರಿಗೆ ಹೋದರು. ಕೊನೆಯ ದಿನ ಅವಳ ಪುಸ್ತಕದಲ್ಲಿ ಎಂದಿನ ಕೆಂಪು ಶಾಯಿಯಲ್ಲಿ 'ಒತ್ತಕ್ಷರ ಗಮನಿಸು' ಎಂದು ಬರೆದಿದ್ದರು. ಬೇರೇನೂ ಬರೆದಿರಲಿಲ್ಲ.

ಚಪ್ಪಲಿಯ ಪಟ್ಟಿ ಎಳೆಯುವ ಸದ್ದು ಕೇಳಿಸಿತು. ತೃಷಾ ಬಾಗಿಲಲ್ಲಿ ಒಂದು ಮೊಣಕಾಲು ಮಡಚಿ ಕೂತು, ಬಕಲಿನ ತೂತು ಸಿಗದೆ, ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದಳು. ಅವಳ ಟಿಫಿನ್ ಡಬ್ಬಿ ಇನ್ನೂ ಪ್ರಿಂಟರಿನ ಪಕ್ಕದಲ್ಲೇ ಇತ್ತು. ದಮಯಂತಿ ಮೊದಲು ಡಬ್ಬಿಯನ್ನು ನೋಡಿದಳು. ಅದನ್ನು ಕೊಡುವ ನೆಪದಲ್ಲಿ ಹೊರಗೆ ಬಂದಳು. ಕೊಡಲು ಕೈ ಚಾಚಿದಾಗ ಹುಡುಗಿ ತಲೆಯೆತ್ತಿ "ಥ್ಯಾಂಕ್ಯೂ, ಆಜೀ" ಎಂದಳು, ಮೂಗು ಕೆಂಪಾಗಿತ್ತು. ಆ ಥ್ಯಾಂಕ್ಯೂವನ್ನು ಇಟ್ಟುಕೊಳ್ಳಲು ದಮಯಂತಿಗೆ ಎಲ್ಲೂ ಜಾಗವಿರಲಿಲ್ಲ.

"ಚಪ್ಪಲಿ ಬಿಡು," ಎಂದಳು. "ಒಳಗೆ ಬಾ. ವಿನೋದಾ, ಕೊಟ್ಟದ್ದು ನಾನು."

"ಎಂತ?"

"ಪಾಸ್‌ವರ್ಡು. ಸುಲಭಾನ ಮಗಳ ಅರ್ಜಿಗೆ. ಚೀಟಿಯಲ್ಲಿ ಬರೆದು, ಹೆಪ್ಪಿನ ಬಟ್ಟಲಿನ ಮೇಲೆ ಇಟ್ಟು ಕೊಟ್ಟೆ."

ಷೋಕೇಸಿನ ಮೇಲೆ ಡಬ್ಬಿಯ ಹಸಿರು ದೀಪ ಪಟಪಟ ಬಡಿದುಕೊಳ್ಳುತ್ತಿತ್ತು. ದಯಾನಂದ ಕೆಮ್ಮಿ, ಕೈಯಲ್ಲಿದ್ದ ತಂತಿಯನ್ನು ಸುಮ್ಮನೆ ಸುತ್ತತೊಡಗಿದ. ವಿನೋದಾಳ ಮುಖದಲ್ಲಿ ಒಂದಾದ ಮೇಲೊಂದು ಏನೇನೋ ಬಂದು ಹೋಯಿತು.

"ಜೂನ್‌ನಿಂದ? ಅಲ್ಲ ಅತ್ತೆ, ಈ ಹುಡುಗಿಯನ್ನು ನಾನು ಅರ್ಧ ಗಂಟೆಯಿಂದ ಬೈತಾ ಇದ್ದೇನೆ. ನೀವು ಅಲ್ಲೇ ಇದ್ದಿರಿ. ಬಾಗಿಲಲ್ಲಿ ನಿಂತು ನಗ್ತಾ ಇದ್ದಿರಿ!"

"ಹೌದು, ನಿಂತಿದ್ದೆ."

"ಎಂತಕ್ಕೆ ಹೇಳ್ಲಿಲ್ಲ?"

ಅದಕ್ಕೆ ಉತ್ತರ ಬಹಳ ಉದ್ದವಾಗಿತ್ತು, ಮೂವತ್ತಮೂರು ವರ್ಷದಷ್ಟು. "ಹೆದರಿಕೆ," ಎಂದಳು ದಮಯಂತಿ. ವಿನೋದಾ ತೃಷಾಳ ಕಡೆ ತಿರುಗಿ "ಸಾರಿ" ಎಂದಳು, ಇನ್ನೂ ಸಿಟ್ಟಿನ ಧ್ವನಿಯಲ್ಲೇ. ತೃಷಾ ಚಪ್ಪಲಿ ಕಳಚಿಟ್ಟು ಒಳಗೆ ಬಂದಳು, ಬಂದು, ಯಾಕೋ ಈಗ ಜೋರಾಗಿ ಅತ್ತಳು. ಯಾಮಿನಿ ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡೇ, ಆಯ್ತಲ್ಲ. ಆಂಟಿ, ಎಲ್ರಿಗೂ ಒಂದೊಂದು ಕಾಫಿ ಮಾಡ್ತೀರಾ?" ಎಂದಳು. ಕಾಫಿ ಮಾಡಲು ಹೇಳಿದ್ದಕ್ಕೆ ದಮಯಂತಿಗೆ ಅವಳ ಕಾಲು ಮುಟ್ಟಬೇಕೆನ್ನಿಸಿತು.

ಕಾಫಿ ಕುಡಿದು ದಯಾನಂದ ಕೆಲಸಕ್ಕೆ ಇಳಿದ. ಎಲ್ಲ ಅಳಿಸಿ ಮೊದಲಿನಿಂದ ಮಾಡುತ್ತೇನೆ ಎಂದ. ಡಬ್ಬಿಯ ಒಳಬೀಗ ಬದಲಾಯಿಸಿದ. ಹೊಸ ಪಾಸ್‌ವರ್ಡಿಗೆ ಯಾರ ಹೆಸರೂ ಬೇಡ, ಹುಟ್ಟಿದ ದಿನವೂ ಬೇಡ, ಉದ್ದ ಇರಲಿ, ಅಕ್ಷರ ಅಂಕಿ ಕಲಸಿ ಇರಲಿ ಎಂದ. ಮೂರೂ ಕಂಪ್ಯೂಟರಿಗೆ ವೈರಸ್ಸಿನ ಕಾವಲು ಹಾಕಿದ. ಆಮೇಲೆ, "ಇನ್ನೊಂದು ಉಂಟು. ಪ್ರತಿ ಕಂಪ್ಯೂಟರಿಗೆ ಒಂದು ಜಾತಕ ನಂಬರು ಇರ್ತದೆ. ಅದನ್ನು ಬರೆಸಿಟ್ಟರೆ ಡಬ್ಬಿ ಅವರನ್ನು ಮಾತ್ರ ಒಳಗೆ ಬಿಡ್ತದೆ. ಪೂರಾ ನಂಬುವ ಹಾಗಿಲ್ಲ, ಕಳ್ಳ ಅದನ್ನೂ ನಕಲು ಮಾಡಿಯಾನು. ಇದ್ದರೆ ಒಂದು ಹೆಚ್ಚಿನ ಚಿಲಕ. ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ ವೈಫೈ ಕಡ್ಡಿಯಲ್ಲಿ ಸಣ್ಣ ಅಕ್ಷರ ಉಂಟು, ಯಾರಾದರೂ ಓದಿ ಹೇಳಿ, ನಾನು ಹೊಡೀತೇನೆ," ಎಂದ. ವಿನೋದಾ ಫೋನಿನಲ್ಲಿ ಕಚೇರಿಯವರೊಡನೆ ಇದ್ದಳು. ಯಾಮಿನಿ, ತೃಷಾ ಹಳೆಯ ಕಡತಗಳನ್ನು ಎತ್ತಿಡುತ್ತಿದ್ದರು. ದಮಯಂತಿ ಕನ್ನಡಕದ ಗಾಜು ಸೆರಗಿನಲ್ಲಿ ಒರೆಸಿದಳು.

"ನಾನು ಓದಲಾ?"

ದಯಾನಂದ ಒಂದು ಕ್ಷಣ ಅವಳನ್ನು ನೋಡಿದ. "ಓದಿ ಅಮ್ಮ."

ಬೆರಳುದ್ದದ ಕಡ್ಡಿ, ಅದರ ಬೆನ್ನಿನಲ್ಲಿ ಇರುವೆ ಸಾಲಿನಂಥ ಬರಹ. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಅವಳು ಒಂದೊಂದಾಗಿ ಓದಿದಳು. ಸೊನ್ನೆ, ಸೊನ್ನೆ, ಒಂದು, ಸಿ, ಎಫ್, ಸೊನ್ನೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಕಲಿಸಿದ್ದೂ ಜಾನಕಿ ಟೀಚರೇ, ಭಾನುವಾರ ಠಾಣೆಯ ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಹೋಗಿ, ಬಂದು ನಿಲ್ಲುವ ಲೋಕಲುಗಳ ಹಣೆಯ ಮೇಲಿನ ಅಕ್ಷರ ತೋರಿಸಿ. ಕೆ ಅಂದರೆ ಕಲ್ಯಾಣ, ಡಿ ಅಂದರೆ ಡೊಂಬಿವಿಲಿ. ಇನ್ನು ನೀನು ಯಾರನ್ನೂ ಕೇಳಬೇಕಾಗಿಲ್ಲ, ನೋಡಿ ಹತ್ತು. ಆವತ್ತು ಸಂಜೆ ತಾನೇ ಓದಿ ತಾನೇ ಹತ್ತಿ, ಅಗತ್ಯವಿಲ್ಲದಿದ್ದರೂ ಡೊಂಬಿವಿಲಿಯವರೆಗೆ ಹೋಗಿ ವಾಪಸು ಬಂದಿದ್ದಳು. "ಆಮೇಲೆ ಅಮ್ಮ?" ಎಂದ ದಯಾನಂದ. ಒಂಬತ್ತು, ನಾಲ್ಕು, ಮುಂದಿನದು ಎಂಟೋ ಬಿಯೋ ತಿಳಿಯಲಿಲ್ಲ. "ಗಡಿಬಿಡಿ ಇಲ್ಲ, ಸರಿ ನೋಡಿ," ಎಂದ ಅವನು. "ಒಂದು ತಪ್ಪಿದರೆ ನಿಮ್ಮ ಸೊಸೆಯೇ ಹೊರಗೆ ಉಳಿತಾಳೆ. ನನಗೆ ಊಟ ಸಿಗುವುದಿಲ್ಲ." ಅವಳು ಕಡ್ಡಿಯನ್ನು ಓರೆಯಾಗಿಸಿದಳು. ಎಡಬದಿ ನೆಟ್ಟಗಿತ್ತು. "ಬಿ," ಎಂದಳು. ಹನ್ನೆರಡು ಅಕ್ಷರ ಮುಗಿದಾಗ ಪರದೆಯಲ್ಲಿ ಒಂದು ಹಸಿರು ಗುರುತು ಬಂತು. ಮೂರು ಕಡ್ಡಿಗಳು, ಮೂವತ್ತಾರು ಅಕ್ಷರಗಳು, ಒಂದೂ ತಪ್ಪಿರಲಿಲ್ಲ. ಬೆಳಗ್ಗಿನ ಅವಮಾನ ಹೊಟ್ಟೆಯಲ್ಲಿ ಇನ್ನೂ ಇತ್ತು, ಆದರೂ ಅದರ ಪಕ್ಕದಲ್ಲೇ ಇನ್ನೊಂದು ಬೆಚ್ಚಗಿನದು ಬಂದು ಕೂತಿತ್ತು. ಎರಡೂ ಒಂದನ್ನೊಂದು ತಳ್ಳಲಿಲ್ಲ.

"ಸುಲಭಾನ ಮಗಳು ಇನ್ನು ಎಂತ ಮಾಡುವುದು?" ಎಂದು ಕೇಳಿದಳು, ಯಾರಿಗೂ ಕೇಳಿಸದ ಹಾಗೆ. ದಯಾನಂದನಿಗೆ ಕೇಳಿಸಿತು.

"ಅದಕ್ಕೂ ದಾರಿ ಉಂಟು. ಈ ಡಬ್ಬಿಯಲ್ಲಿ ಎರಡು ಲೈನು ಮಾಡಬಹುದು. ಒಳಗಿನದು ಕೆಲಸಕ್ಕೆ. ಹೊರಗಿನದು ಬಂದು ಹೋಗುವವರಿಗೆ, ಅದಕ್ಕೆ ಬೇರೆಯೇ ಪಾಸ್‌ವರ್ಡು. ಅಲ್ಲಿ ಕೂತವರಿಗೆ ಒಳಕೋಣೆ ಕಾಣುವುದೇ ಇಲ್ಲ. ಮೇಡಂ ಒಪ್ಪಬೇಕು ಮತ್ತೆ."

"ಜಗಲಿಯ ಹಾಗೆ," ಎಂದಳು ದಮಯಂತಿ.

"ಅದೇ, ಜಗಲಿಯೇ. ಹೆಸರು ಅದೇ ಇಡಲಾ?"

ಫೋನು ಕೆಳಗಿಟ್ಟ ವಿನೋದಾ ಇಬ್ಬರನ್ನೂ ನೋಡಿದಳು. "ಕಚೇರಿಯವರು ಬೇಡ ಅಂದರೆ ತೆಗೀಬೇಕು. ಮತ್ತೆ ಜೆರಾಕ್ಸಿನವನಿಗೆ ಇಲ್ಲ, ಹೇಳಿದ್ದೇನೆ," ಎಂದಳು. "ಸುಲಭಾ ವಹಿನಿಗೆ ಮಾತ್ರ. ಅದೂ ಮಗಳ ಓದಿಗೆ. ಯಶ್ವಂತನ ಹಳೆಯದೂ ಅದರಲ್ಲೇ ಇರಲಿ, ಕ್ರಿಕೆಟ್ ಒಳಗೆ ಬೇಡ." ಆಮೇಲೆ ಊಟಕ್ಕೆ ಕೂರದೆ, ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ಮೊಸರನ್ನ ತಿಂದಳು. ತಿನ್ನುತ್ತಾ, ಗೋಡೆಯ ಕಡೆ ನೋಡುತ್ತಾ, "ನನಗೆ ಹೇಳಿದ್ದರೆ ನಾನೇ ಆ ಹುಡುಗಿಯ ಅರ್ಜಿ ತುಂಬಿ ಕೊಡ್ತಿದ್ದೆ ಅತ್ತೆ," ಎಂದಳು. ಅದು ನಿಜವಾಗಿತ್ತು. ಅದು ದಮಯಂತಿಗೆ ಜೂನಿನಲ್ಲಿ ಹೊಳೆದೇ ಇರಲಿಲ್ಲ, ಅದಕ್ಕೇ ಈಗ ಹೆಚ್ಚು ನಾಚಿಕೆಯಾಯಿತು.

ನಾಲ್ಕಕ್ಕೆ ಬರಬೇಕಾದವನು ನಾಲ್ಕೂವರೆಗೆ ಬಂದ. ಅಭಯ್ ಎಂದು ಹೆಸರು, ಬೆಂಗಳೂರಿನವನು. ಘೋಡಬಂದರ್ ರಸ್ತೆಯ ಟ್ರಾಫಿಕ್ಕನ್ನು ಬೈದು ನೀರು ಕುಡಿದ. ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂತು ನೋಡಿದ, ದಯಾನಂದನನ್ನು ಏನೇನೋ ಕೇಳಿದ, ಹೊರಗಿನ ಲೈನನ್ನು ತನ್ನ ಲ್ಯಾಪ್‌ಟಾಪಿನಿಂದ ಹಿಡಿದು ಒಳಗೆ ನುಗ್ಗಲು ನೋಡಿ, ಆಗದೆ, ತಲೆಯಾಡಿಸಿದ. "ಈಗ ಪರ್ಫೆಕ್ಟ್ ಇದೆ ಮೇಡಂ," ಎಂದು ಮಡಚಿಟ್ಟಿದ್ದ ಒಂದು ಫಾರಂ ತೆಗೆದ. "ಆದ್ರೆ ಬೆಳಿಗ್ಗೆ ತನಕ ಹನ್ನೊಂದು ಇತ್ತು ಅಂತ ನೀವೇ ಫೋನಲ್ಲಿ ಹೇಳಿದ್ರಿ. ಪ್ರಾಮಾಣಿಕವಾಗಿ ಹೇಳಿದ್ದು ಒಳ್ಳೇದೇ ಆಯ್ತು. ಪಾಸ್‌ವರ್ಡ್ ಹೊರಗೆ ಕೊಟ್ಟಿದ್ದು ಯಾರು? ನಂಗೊಂದು ಹೆಸರು ಬೇಕು ಇಲ್ಲಿ."

ತೃಷಾ ಟೈಪು ಮಾಡುವುದನ್ನು ನಿಲ್ಲಿಸಿದಳು. ದಮಯಂತಿ ಖಾಲಿ ಲೋಟ ತೆಗೆದುಕೊಳ್ಳಲು ಬಂದವಳು ಅದನ್ನು ಹಿಡಿದುಕೊಂಡು ನಿಂತಳು.

"ನಾನೇ," ಎಂದಳು ವಿನೋದಾ. ಅತ್ತೆಯ ಕಡೆ ನೋಡಲೂ ಇಲ್ಲ. "ಈ ಮನೆಯ ಪಾಸ್‌ವರ್ಡು ನನ್ನ ಜವಾಬ್ದಾರಿ. ತಪ್ಪು ನನ್ನದು ಅಂತ ಬರೀರಿ."

ಲೋಟದ ಬಾಯಿಯಲ್ಲಿ ಒಂದು ಹನಿ ನೀರು ಇಳಿಯಲೋ ಬೇಡವೋ ಎಂದು ನಿಂತಿತ್ತು. ಮುನಿಸಿಪಾಲಿಟಿ ಶಾಲೆಯ ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು, ಮೊಣಕಾಲಿಗೆ ಒತ್ತುವ ಗಿಡ್ಡ ಬೆಂಚು. ಯಾರೋ ಎದ್ದು ನಿಂತು ತನ್ನನ್ನು ಸೆರಗಿನಿಂದ ಮುಚ್ಚುತ್ತಾರೆ, ಮುಚ್ಚಿದ್ದು ಬೆಚ್ಚಗಿರುತ್ತದೆ, ಅದರೊಳಗೆ ಮೂವತ್ತಮೂರು ವರ್ಷ ಕೂತಿರಬಹುದು. ಈ ಸೊಸೆಗೆ ಜಾನಕಿ ಟೀಚರ ಹೆಸರು ಕೂಡ ಗೊತ್ತಿಲ್ಲ. ಎಲ್ಲಿಂದ ಕಲಿತಳು ಇವಳು ಇದನ್ನು? ದಮಯಂತಿಗೆ ಇಷ್ಟು ಕೃತಜ್ಞತೆ ಒಮ್ಮೆಲೇ ಬಂತೆಂದರೆ ಸುಮ್ಮನಿದ್ದುಬಿಡುವುದೇ ಅದಕ್ಕೆ ಮರ್ಯಾದೆ ಎನ್ನಿಸಿತು. ಅದೇ ಹಳೆಯ ಸುಖ. ಬಾಯಿ ಮುಚ್ಚಿಕೊಳ್ಳುವ ಮೊದಲೇ ಅವಳು ಅದನ್ನು ಗುರುತು ಹಿಡಿದಳು.

"ಅವಳಲ್ಲ," ಎಂದಳು. "ನಾನು ಕೊಟ್ಟದ್ದು. ಇವಳಿಗೆ ಇವತ್ತು ಬೆಳಗ್ಗೆಯವರೆಗೆ ಗೊತ್ತೇ ಇರಲಿಲ್ಲ. ನನ್ನ ಹೆಸರು ಬರೀರಿ, ದಮಯಂತಿ."

ಅಭಯ್ ಒಬ್ಬರಾದ ಮೇಲೊಬ್ಬರನ್ನು ನೋಡಿದ. "ಅಜ್ಜಿ, ಯಾರಿಗೆ ಕೊಟ್ರಿ?"

"ಕೆಳಗಿನ ಮನೆಗೆ, ಮೊಸರಿನ ಹೆಪ್ಪಿನ ಜೊತೆಗೆ."

ಅವನು ನಗಬಾರದೆಂದು ತುಟಿ ಕಚ್ಚಿದ್ದು ಎಲ್ಲರಿಗೂ ಕಾಣಿಸಿತು. "ಇಪ್ಪತ್ತು ಮನೆ ನೋಡಿದೀನಿ ಈ ವರ್ಷ. ಪಾಸ್‌ವರ್ಡ್ ಈ ಥರ ಹೊರಟಿದ್ದು ಇದೇ ಮೊದಲು," ಎಂದ. ಮತ್ತೆ ಗಂಭೀರನಾಗಿ, ಇದು ಎಚ್ಚರಿಕೆ, ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇನೆ, ಇನ್ನೊಮ್ಮೆ ಆದರೆ ಕೆಲಸ ನಿಲ್ಲುತ್ತದೆ ಎಂದ. ಫಾರಂ ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟ. ಹೆಸರಿನ ಮುಂದೆ ಸಹಿ. ದಮಯಂತಿ ಕನ್ನಡದಲ್ಲಿ, ಒತ್ತಕ್ಷರವಿಲ್ಲದ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ವಿನೋದಾ ಬಾಲ್ಕನಿಗೆ ಹೋಗಿ ನಿಂತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಅವನು ಹೋದ ಮೇಲೆ ದಮಯಂತಿ ಒಳಕೋಣೆಗೆ ಹೋಗಿ ಟ್ರಂಕು ತೆರೆದಳು. ಹತ್ತನೆಯ ತರಗತಿಯ ಅಂಕಪಟ್ಟಿ, ಅದರ ಪ್ಲಾಸ್ಟಿಕ್ ಚೀಲದಲ್ಲೇ ನಾಲ್ಕಾಗಿ ಮಡಚಿದ ಹಾಳೆಗಳು. 'ಪೂಜ್ಯ ಜಾನಕಿ ಟೀಚರಿಗೆ' ಎಂದು ಶುರುವಾಗುವ ಪತ್ರ. ಇದನ್ನು ಎಷ್ಟು ಸಲ ನಕಲು ಮಾಡಿದ್ದಳೋ ಲೆಕ್ಕವಿಲ್ಲ. ಲೋಕಲಿನ ಅಕ್ಷರ ಓದಿದ್ದು, ಮಗನ ಶಾಲೆಯ ಅರ್ಜಿಗೆ ಸಹಿ ಹಾಕಿದ್ದು, ವಾಸು ಆಸ್ಪತ್ರೆಯಲ್ಲಿದ್ದಾಗ ಔಷಧಿಯ ಚೀಟಿ ತಾನೇ ಓದಿದ್ದು, ಎಲ್ಲ ಅದರಲ್ಲಿತ್ತು. ಎಷ್ಟು ಉಪಕಾರ ಸ್ಮರಿಸಿದರೂ ನಡುವೆ ಒಂದು ವಾಕ್ಯದ ಜಾಗ ಖಾಲಿ. ಆ ವಾಕ್ಯವಿಲ್ಲದೆ ಕಳಿಸಲು ಮನಸ್ಸಾಗಲಿಲ್ಲ, ಇದ್ದರೆ ಕಳಿಸಲು ಧೈರ್ಯವಾಗಲಿಲ್ಲ. ಕಳೆದ ವರ್ಷ ಕನ್ನಡ ಸಂಘದವರು ಹಳೆಯ ಶಿಕ್ಷಕರ ವಿಳಾಸಗಳನ್ನು ಹಂಚಿದ್ದರು. ಟೀಚರಿಗೆ ಎಂಬತ್ತು, ಕಣ್ಣು ಮಂದ. ಬಂದ ಕಾಗದಗಳನ್ನು ಮೈಸೂರಿನಲ್ಲಿ ಅವರ ತಂಗಿಯ ಮಗಳು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಓದಲು ಕೊಡುತ್ತಾಳೆ ಎಂದು ಮೇಲ್ ವಿಳಾಸವೂ ಅದರಲ್ಲಿತ್ತು. ಒಂದೊಂದು ಅಕ್ಷರ ಅಂಗೈಯಷ್ಟು ದೊಡ್ಡದಾಗಿ ಅವರ ಮುಂದೆ ನಿಲ್ಲುತ್ತದೆ ಎಂದು ನೆನೆದೇ ಹೆದರಿ ಟ್ರಂಕು ಮುಚ್ಚಿದ್ದಳು. ಈಗ ಮಂಚದ ಮೇಲೆ ಕೂತು, ಅಂಕಪಟ್ಟಿಯನ್ನು ಅಡಿಗಿಟ್ಟುಕೊಂಡು, ಖಾಲಿ ಜಾಗದಲ್ಲಿ ಬರೆದಳು: 'ಆ ದಿನ ಕಪಾಟು ತೆರೆದದ್ದು ನಾನು. ನಿಮಗೆ ಗೊತ್ತಿತ್ತು. ನಾನು ಹೇಳಲಿಲ್ಲ.' ಬೆಳಗ್ಗಿನಿಂದ ಎರಡು ಸಲ ಬಾಯಲ್ಲಿ ಆಡಿದ ಮಾತಾದ್ದರಿಂದ ಕೈಗೆ ಸುಲಭವಾಗಿ ಬಂತು. ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿದಳು.

ತೃಷಾ ಮನೆಗೆ ಹೊರಡಲು ಚೀಲ ಹೆಗಲ ಮೇಲೆ ಹಾಕಿದ್ದಳು. ದಮಯಂತಿ ಹಾಳೆಗಳನ್ನು ಹಿಡಿದು, "ಇದನ್ನು ಮೈಸೂರಿಗೆ ಕಳಿಸಲಿಕ್ಕೆ ಆಗ್ತದಾ, ಮಗಾ? ನನ್ನ ಅಕ್ಷರದಲ್ಲೇ?" ಎಂದಳು. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಹುಡುಗಿ ಒಂದು ಕ್ಷಣ ತಡೆದಳು, ಬೆಳಗ್ಗೆಯದು ಅವಳ ಕಣ್ಣಲ್ಲಿ ಇನ್ನೂ ಇತ್ತು. ಆಮೇಲೆ ಚೀಲ ಕೆಳಗಿಟ್ಟು, "ಹೋ ಜಾಯೇಗಾ ಆಜೀ," ಎಂದು ಪ್ರಿಂಟರಿನ ಮುಚ್ಚಳ ಎತ್ತಿದಳು. ಹಾಳೆಯ ಕೆಳಗೆ ಬಿಳಿ ಬೆಳಕು ನಿಧಾನವಾಗಿ ಸರಿದು ಹೋಯಿತು.

"ಕೆಲಸದ ಕಂಪ್ಯೂಟರಿನಿಂದ ಬೇಡ," ಎಂದು ಬಾಲ್ಕನಿಯಿಂದ ವಿನೋದಾ ಕೂಗಿದಳು. "ಅತ್ತೆಯ ಜಗಲಿಯಿಂದ ಕಳಿಸಿ." ಧ್ವನಿಯಲ್ಲಿ ಸಿಟ್ಟು ಕಾಲು ಭಾಗ ಉಳಿದಿತ್ತು. ತೃಷಾ ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಯಶ್ವಂತನ ಹಳೆಯದರ ಮುಂದೆ ಕೂತಳು. ವಿನೋದಾಳೂ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ಪರದೆಯ ಮೇಲೆ ತನ್ನದೇ ಕೈಬರಹ ಬೆಳಕು ತುಂಬಿಕೊಂಡು ನಿಂತದ್ದನ್ನು ದಮಯಂತಿ ನೋಡಿದಳು. ನಡುವಿನ ಆ ಸಾಲುಗಳ ಶಾಯಿ ಮಾತ್ರ ಉಳಿದದ್ದಕ್ಕಿಂತ ಕಪ್ಪಗಿತ್ತು, ಹೊಸದೆಂದು ಯಾರಿಗಾದರೂ ತಿಳಿಯುವಂತೆ. ವಿನೋದಾ ಆ ಕಡೆ ನೋಡಿದಳು, ಓದಿದಳೋ ಇಲ್ಲವೋ, ಅತ್ತೆಯ ಹೆಗಲಿನ ಮೇಲೆ ಕೈಯಿಟ್ಟಳು.

"ಆಪ್ ದಬಾಓ, ಆಜೀ," ಎಂದು ತೃಷಾ ಕುರ್ಚಿಯಿಂದ ಸರಿದಳು.

ಹಾಲಿನ ಹದ ನೋಡುವ ಕಿರುಬೆರಳಿನಿಂದಲೇ ದಮಯಂತಿ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಳು. ಐದಕ್ಕೆ ಮೊದಲೇ ಪತ್ರ ಹೋಗಿತ್ತು.